ಆವಕ–ಜಾವಕದ ಮೂರನೆಯ ಪ್ರತಿ

ಥಾಣೆಯ ಪಕ್ಕದ ಕಳವಾದಿಂದ ಬೇಲಾಪುರ ರಸ್ತೆ ಹಿಡಿದರೆ ಒಂದು ಬದಿಗೆ ಪಾರ್ಸಿಕ್ ಗುಡ್ಡ, ಇನ್ನೊಂದು ಬದಿಗೆ ಥಾಣೆಯ ಖಾಡಿ. ನಡುವಿನ ಪಟ್ಟಿಯಲ್ಲಿ ದಿಘಾ, ಐರೋಲಿ, ರಬಾಳೆ, ಘಣಸೋಲಿ, ಮಹಾಪೆ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದವರು (ಎಂಐಡಿಸಿ) ಟಿಟಿಸಿ, ಅಂದರೆ ಟ್ರಾನ್ಸ್ ಥಾಣೆ ಕ್ರೀಕ್, ಎಂದು ಕರೆಯುವ ಈ ಕೈಗಾರಿಕಾ ಪ್ರದೇಶದಲ್ಲಿ ಸೀಮೆನ್ಸ್, ಮುಕುಂದ್‌ನಂಥ ದೊಡ್ಡ ಕಾರ್ಖಾನೆಗಳ ಆಸರೆಯಲ್ಲಿ ಸಣ್ಣ ಘಟಕಗಳು ಲೆಕ್ಕವಿಲ್ಲದಷ್ಟು ಹುಟ್ಟಿಕೊಂಡವು. ಅವುಗಳ ಅಕೌಂಟ್ಸ್ ಮೇಜಿನಲ್ಲಿ, ಸ್ಟೋರ್ಸಿನಲ್ಲಿ, ಕ್ಯಾಂಟೀನಿನಲ್ಲಿ ಕರಾವಳಿಯ ಮತ್ತು ಉತ್ತರ ಕರ್ನಾಟಕದ ಕನ್ನಡಿಗರು ದುಡಿದರು. ಈಗ ಅದೇ ಪಟ್ಟಿಯಲ್ಲಿ ಬೇರೊಂದು ಬಗೆಯ ಕಟ್ಟಡ ಏಳುತ್ತಿದೆ. ಚಿಮಣಿ ಇಲ್ಲ, ಕಿಟಕಿ ಕಡಿಮೆ, ಶಿಫ್ಟ್ ಬಿಡುವ ಹೊತ್ತಿನ ಗೇಟಿನ ಗದ್ದಲವಿಲ್ಲ. ಹಿಂಬದಿಯಲ್ಲಿ ಸಾಲಾಗಿ ಡೀಸೆಲ್ ಜನರೇಟರುಗಳು. ಇವು ಡೇಟಾ ಸೆಂಟರುಗಳು. ಮುಂಬೈ ಎಂದರೆ ಕಡಲತಳದ ಕೇಬಲುಗಳು ದಡ ಸೇರುವ ಊರು. ಕಳವಾದಲ್ಲಾದರೋ ಮಹಾನಗರಕ್ಕೆ ವಿದ್ಯುತ್ ತರುವ 400 ಕಿಲೋವೋಲ್ಟ್ ಕೇಂದ್ರವಿದೆ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಕಳವಾ–ಪಡಘಾ ಲೈನುಗಳು ಕೈಕೊಟ್ಟು ಲೋಕಲ್‌ಗಳೇ ನಿಂತಾಗ ಅದರ ಮಹತ್ವ ಎಲ್ಲರಿಗೂ ತಿಳಿಯಿತು. ಈ ಎರಡೂ ಅನುಕೂಲಗಳ ನಡುವೆ ಸರ್ವರುಗಳು ಬಂದು ನೆಲೆಸಿವೆ. ಬ್ಯಾಂಕಿನ ಲೆಕ್ಕ, ಷೇರು ವಹಿವಾಟು, ಸಿನಿಮಾಗಳ ಜೊತೆ ಕಂಪನಿಗಳ ಟಪಾಲೂ ಅಲ್ಲೇ ಇದೆ.

ಪ್ರಶ್ನೆ ಈ ಟಪಾಲಿನದು. ಕಂಪನಿಗೆ ಬಂದ, ಕಂಪನಿಯಿಂದ ಹೋದ ಪ್ರತಿಯೊಂದು ಇಮೇಲಿನ ನಕಲನ್ನೂ ಮೇಲ್ ಸರ್ವರಿನಲ್ಲೇ ತೆಗೆದಿಡಬೇಕೆ? ಕಳಿಸಿದವರ ಬಳಿ ಒಂದು ಪ್ರತಿ, ಪಡೆದವರ ಬಳಿ ಒಂದು ಪ್ರತಿ ಇದ್ದೇ ಇರುತ್ತದೆ. ಇದು ಮೂರನೆಯದು, ಅವರಿಬ್ಬರಲ್ಲಿ ಯಾರೂ ಅಳಿಸಲಾಗದ್ದು. ಸರ್ವರ್ ನೋಡಿಕೊಳ್ಳುವವರು, ವಕೀಲರು, ಎಚ್‌ಆರ್‌ನವರು, ಇತಿಹಾಸಕಾರರು ಇದಕ್ಕೆ ಬೇರೆ ಬೇರೆ ಉತ್ತರ ಕೊಡುತ್ತಾರೆ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುವುದು ಕಡಿಮೆ. ನನ್ನ ಮಟ್ಟಿಗೆ, ನಕಲು ಇಡಬೇಕೋ ಬೇಡವೋ ಎಂಬುದು ಹಳೆಯ ಜಗಳ. ಇಡುವುದು ಅಷ್ಟು ಅಗ್ಗವಾಗಿಬಿಟ್ಟಿದೆ. ನಿಜವಾದ ಜಗಳ ಇರುವುದು ಬೀಗದ ಕೈ ಯಾರ ಬಳಿ, ನಾಶಮಾಡುವ ದಿನ ಯಾವುದು ಎಂಬಲ್ಲಿ. ಹೆಚ್ಚಿನ ವಾದಗಳು ಇವೆರಡನ್ನು ಮುಟ್ಟದೆಯೇ ಮುಗಿಯುತ್ತವೆ.

ಕಾರ್ಬನ್ ಪ್ರತಿಯ ಕಾಲ

ಎಲ್ಲವನ್ನೂ ದಾಖಲಿಸುವ ಆಸೆ ಕಂಪ್ಯೂಟರಿನೊಂದಿಗೆ ಬಂದದ್ದಲ್ಲ. ತಾಲೂಕು ಕಚೇರಿಯಿಂದ ಹಿಡಿದು ಸಹಕಾರಿ ಸಂಘದವರೆಗೆ ಆವಕ–ಜಾವಕ ರಿಜಿಸ್ಟರ್ ಇಲ್ಲದ ಆಫೀಸು ಇರಲಿಲ್ಲ. ಬಂದ ಪತ್ರಕ್ಕೆ ಠಸ್ಸೆ, ಕ್ರಮಸಂಖ್ಯೆ, ತಾರೀಕು, ಯಾರ ಮೇಜಿಗೆ ಹೋಯಿತು ಎಂಬ ಒಂದು ಕಲಂ. ಹೋದ ಪತ್ರಕ್ಕೆ ಜಾವಕ ನಂಬರು, ಹಿಂದೆ ಕಾರ್ಬನ್ನಿನಲ್ಲಿ ಮೂಡಿದ ತೆಳು ಕಾಗದದ ‘ಆಫೀಸ್ ಕಾಪಿ’. ಮುಂಬೈ ಕಡೆಯ ಕಂಪನಿಗಳಲ್ಲಿ ಟೈಪಿಸ್ಟರು ಒಂದು ಪ್ರತಿಯನ್ನು ವಿಷಯದ ಫೈಲಿಗೂ ಇನ್ನೊಂದನ್ನು ತಾರೀಕುವಾರು ಫೈಲಿಗೂ ಹಾಕುತ್ತಿದ್ದರು. ಯಶವಂತ ಚಿತ್ತಾಲರ ‘ಶಿಕಾರಿ’ಯ ನಾಗಪ್ಪನ ಬದುಕು ಅಲುಗಾಡುವುದು ಅಮಾನತಿನ ಕಾಗದವೊಂದರಿಂದ. 1979ರಲ್ಲಿ ಬಂದ ಆ ಕಾದಂಬರಿಯ ಲೋಕದಲ್ಲಿ ಆಫೀಸಿನ ಒಂದು ಪತ್ರಕ್ಕೆ ಇದ್ದ ತೂಕ ಇಂದಿನ ಓದುಗರಿಗೆ ಅಷ್ಟು ಸುಲಭವಾಗಿ ಹೊಳೆಯಲಿಕ್ಕಿಲ್ಲ.

ಆ ವ್ಯವಸ್ಥೆಯಲ್ಲಿ ಎರಡು ಗುಣಗಳಿದ್ದವು. ಮೊದಲನೆಯದಾಗಿ, ದಾಖಲಿಸುವ ಗುಮಾಸ್ತ ಎಲ್ಲರ ಕಣ್ಣಿಗೂ ಕಾಣುತ್ತಿದ್ದ. ತಾನು ಬರೆದ ಪತ್ರದ ಪ್ರತಿ ಎಲ್ಲಿ ಹೋಗುತ್ತದೆಂದು ಬರೆದವನಿಗೆ ಗೊತ್ತಿತ್ತು. ಎರಡನೆಯದಾಗಿ, ನಾಶಮಾಡುವ ಕ್ರಮವಿತ್ತು. ಮಹಾರಾಷ್ಟ್ರದ ಸರಕಾರಿ ಕಚೇರಿಗಳಲ್ಲಿ ಈಗಲೂ ಕಡತಗಳನ್ನು ‘ಅ’, ‘ಬ’, ‘ಕ’, ‘ಡ’ ಎಂದು ವಿಂಗಡಿಸುತ್ತಾರೆ. ‘ಅ’ ಶಾಶ್ವತ, ‘ಬ’ಕ್ಕೆ 30 ವರ್ಷ, ‘ಡ’ ಆದರೆ ಒಂದೇ ವರ್ಷ. ಕರ್ನಾಟಕದಲ್ಲಿ ಅದೇ ಏಣಿಗೆ ಎ, ಬಿ, ಸಿ, ಡಿ, ಇ ಎಂಬ ಮೆಟ್ಟಿಲುಗಳು. ರೆಕಾರ್ಡ್ ರೂಮಿನಲ್ಲಿ ಜಾಗ ಸಾಲದೆ ಹೋದಾಗ ಈ ಕ್ರಮವೇ ಕೆಲಸಕ್ಕೆ ಬರುತ್ತಿತ್ತು. ಕಾಗದ ಜಾಗ ತಿನ್ನುತ್ತಿದ್ದುದರಿಂದ ಯಾರಾದರೂ ಕೂತು ವಿಂಗಡಿಸಲೇಬೇಕಿತ್ತು.

ಇಮೇಲು ಈ ಎರಡೂ ಗುಣಗಳನ್ನು ಕಳೆಯಿತು. ನಮ್ಮಲ್ಲಿ 1980ರ ದಶಕದಲ್ಲಿ ಅರ್ನೆಟ್ ಎಂಬ ಶಿಕ್ಷಣ–ಸಂಶೋಧನಾ ಜಾಲದ ಮೂಲಕ ಜುಹುವಿನ ತಂತ್ರಾಂಶ ಸಂಶೋಧನಾ ಕೇಂದ್ರ ಎನ್‌ಸಿಎಸ್‌ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಅದು ಓಡಾಡತೊಡಗಿತು. 1995ರ ಆಗಸ್ಟ್ 15ರಂದು ಆಗಿನ ಸರಕಾರಿ ಕಂಪನಿ ವಿಎಸ್‌ಎನ್‌ಎಲ್ ಇಂಟರ್ನೆಟ್ಟನ್ನು ಸಾರ್ವಜನಿಕರಿಗೆ ತೆರೆದ ಮೇಲೆ ಆಫೀಸುಗಳಿಗೆ ಬಂತು. ಆಗಿನ ಕಷ್ಟ ಬೇರೆ: ಹಾಟ್‌ಮೇಲಿನಲ್ಲಿ ಸಿಗುತ್ತಿದ್ದುದು ಎರಡು ಮೆಗಾಬೈಟು. ಅಳಿಸದಿದ್ದರೆ ಹೊಸ ಪತ್ರ ಒಳಗೆ ಬರುತ್ತಿರಲಿಲ್ಲ. 2004ರ ಏಪ್ರಿಲ್ 1ರಂದು ಜಿಮೇಲ್ ಒಂದು ಗಿಗಾಬೈಟ್ ಕೊಡುತ್ತೇವೆ ಎಂದಾಗ ಹಲವರು ಅದನ್ನು ಏಪ್ರಿಲ್ ಫೂಲ್ ತಮಾಷೆ ಎಂದೇ ತಿಳಿದರು. ಅಳಿಸುವ ಬದಲು ಹುಡುಕಿ ತೆಗೆಯಿರಿ ಎಂಬ ಅದರ ರೀತಿ ಮನೆಯ ಖಾತೆಯಿಂದ ಆಫೀಸಿನ ಸರ್ವರಿಗೂ ದಾಟಿತು. ವಿಂಗಡಿಸುವ ಗುಮಾಸ್ತನ ಕೆಲಸ ಅಲ್ಲಿಗೆ ಮುಗಿಯಿತು.

ಒಂದು ಸಾಲಿನ ಕೆಲಸ, ಅದರ ಬಾಲ

ನಕಲು ತೆಗೆಯುವುದು ಎಷ್ಟು ಸುಲಭ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸಣ್ಣ, ಮಧ್ಯಮ ಕಂಪನಿಗಳ ಲಿನಕ್ಸ್ ಸರ್ವರುಗಳಲ್ಲಿ ಬಹಳ ಕಡೆ ಕಾಣುವುದು ಪೋಸ್ಟ್‌ಫಿಕ್ಸ್, ವೀಟ್ಸೆ ವೆನೆಮಾ ಬರೆದ, 1998ರಲ್ಲಿ ಬಿಡುಗಡೆಯಾದ ಮೇಲ್ ತಂತ್ರಾಂಶ. ಅದರ ಮುಖ್ಯ ಸೆಟ್ಟಿಂಗ್ ಕಡತದಲ್ಲಿ ‘ಆಲ್ವೇಸ್ ಬಿಸಿಸಿ’ ಎಂಬ ಒಂದು ಸಾಲು ಸೇರಿಸಿ ಎದುರಿಗೆ ಒಂದು ಮೇಲ್ ವಿಳಾಸ ಬರೆದರೆ ಸಾಕು. ಅಂದಿನಿಂದ ಒಳಬರುವ, ಹೊರಹೋಗುವ ಪ್ರತಿ ಪತ್ರದ ಗುಪ್ತ ನಕಲು ಆ ಖಾತೆಗೆ ಬೀಳುತ್ತದೆ. ಎಲ್ಲರದೂ ಬೇಡ, ಪರ್ಚೇಸ್ ವಿಭಾಗದ್ದು ಮಾತ್ರ ಸಾಕು ಎಂದರೆ ಕಳಿಸುವವರ ಮತ್ತು ಪಡೆಯುವವರ ಪ್ರತ್ಯೇಕ ಪಟ್ಟಿ ಕೊಡುವ ಸೌಲಭ್ಯವೂ ಇದೆ. ಮೈಕ್ರೋಸಾಫ್ಟ್ ಎಕ್ಸ್‌ಚೇಂಜಿನಲ್ಲಿ ಇದೇ ಕೆಲಸಕ್ಕೆ ಜರ್ನಲಿಂಗ್ ಎನ್ನುತ್ತಾರೆ. ಗೂಗಲ್ 2012ರಲ್ಲಿ ತಂದ ವಾಲ್ಟ್ ಇದನ್ನೇ ಬಾಡಿಗೆಗೆ ಕೊಡುತ್ತದೆ.

ಜಾಗದ ಚಿಂತೆಯೂ ದೊಡ್ಡದಲ್ಲ. ರಬಾಳೆಯಲ್ಲಿ ಪಂಪಿನ ಬಿಡಿಭಾಗ ಮಾಡುವ, ಮೇಲ್ ಬಳಸುವ 40 ಜನರ ಒಂದು ಕಾರ್ಖಾನೆಯನ್ನು ಊಹಿಸಿಕೊಳ್ಳಿ. ತಲೆಗೆ ದಿನಕ್ಕೆ 100 ಪತ್ರ, ಪತ್ರಕ್ಕೆ ಸರಾಸರಿ 100 ಕಿಲೋಬೈಟ್ ಹಿಡಿದರೆ ದಿನಕ್ಕೆ 400 ಮೆಗಾಬೈಟ್, 300 ಕೆಲಸದ ದಿನಕ್ಕೆ 120 ಗಿಗಾಬೈಟ್. ಎಂಟು ವರ್ಷದ್ದೆಲ್ಲ ಸೇರಿದರೂ ಒಂದು ಟೆರಾಬೈಟಿನೊಳಗೆ. ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯಲ್ಲಿ ಕೆಲವು ಸಾವಿರ ರೂಪಾಯಿಗೆ ಸಿಗುವ ಒಂದು ಡಿಸ್ಕ್.

ಆದರೆ ಆ ಒಂದು ಸಾಲಿಗೆ ಉದ್ದದ ಬಾಲವಿದೆ. ಪೋಸ್ಟ್‌ಫಿಕ್ಸಿನ 2.2ರವರೆಗಿನ ಆವೃತ್ತಿಗಳಲ್ಲಿ ನಕಲಿನ ಖಾತೆ ತುಂಬಿದರೆ ಅಥವಾ ಕೆಟ್ಟರೆ, ತಲುಪಲಿಲ್ಲ ಎಂಬ ಸೂಚನೆ ಮೂಲ ಪತ್ರ ಕಳಿಸಿದವರಿಗೇ ಹೋಗುತ್ತಿತ್ತು. ಅಂದರೆ ಕೊಯಂಬತ್ತೂರಿನ ಯಾವನೋ ವ್ಯಾಪಾರಿಗೆ, ತಾನು ಕೇಳಿಯೇ ಇರದ ಒಂದು ಗುಪ್ತ ವಿಳಾಸ ತನ್ನ ಪತ್ರವನ್ನು ಓದುತ್ತಿತ್ತೆಂಬ ಸುದ್ದಿ! ವೈರಸ್ ಪರೀಕ್ಷೆಗೆಂದು ಪತ್ರವನ್ನು ಹೊರಗೆ ಕಳಿಸಿ ಮತ್ತೆ ಒಳಗೆ ತರುವ ಸರ್ವರುಗಳಲ್ಲಿ ಪ್ರತಿ ಪತ್ರವೂ ಎರಡು ಸಲ ದಾಖಲಾಗುತ್ತದೆ, ತಡೆಯುವ ಸೆಟ್ಟಿಂಗ್ ಹಾಕದಿದ್ದರೆ. ಕಸದ ಮೇಲ್ ಕೂಡ ಶ್ರದ್ಧೆಯಿಂದ ಸಂಗ್ರಹವಾಗುತ್ತದೆ. ಒಂದು ಪತ್ರಕ್ಕೆ ಒಂದು ಫೈಲು ಎಂಬ ಮೇಲ್‌ಡಿರ್ ಪದ್ಧತಿಯಲ್ಲಿ ಇಟ್ಟರೆ, ಡಿಸ್ಕಿನಲ್ಲಿ ಅರ್ಧ ಜಾಗ ಖಾಲಿ ತೋರಿಸುತ್ತಿರುವಾಗಲೇ ‘ಜಾಗವಿಲ್ಲ’ ಎಂದು ಸರ್ವರ್ ನಿಂತುಬಿಡಬಹುದು. ಮುಗಿದದ್ದು ಜಾಗವಲ್ಲ, ಫೈಲುಗಳಿಗೆ ಕೊಡುವ ಐನೋಡ್ ಸಂಖ್ಯೆ. ಅರ್ಥವಾಗದೆ ರಾತ್ರಿಯೆಲ್ಲ ಕೂತ ಸಿಸ್ಟಮ್ ಅಡ್ಮಿನ್‌ಗಳು ಈ ಊರಲ್ಲಿ ಒಬ್ಬಿಬ್ಬರಲ್ಲ.

ಇವೆಲ್ಲಕ್ಕಿಂತ ಗಂಭೀರವಾದ ಕೊರತೆ ಬೇರೆ ಇದೆ. ಇಮೇಲಿಗೆ ಲಕೋಟೆಯೂ ಇದೆ, ಒಳಗಿನ ಕಾಗದವೂ ಇದೆ. ಕಾಗದದ ಮೇಲೆ ‘ಇಂಥವರಿಗೆ’ ಎಂದು ಬರೆದಿರುವುದು ಒಂದು, ಸರ್ವರ್ ನಿಜವಾಗಿ ತಲುಪಿಸುವ ಲಕೋಟೆಯ ವಿಳಾಸ ಇನ್ನೊಂದು. ಬಿಸಿಸಿಯಲ್ಲಿ, ಅಂದರೆ ಗುಪ್ತ ನಕಲಿನ ಪಟ್ಟಿಯಲ್ಲಿ ಸೇರಿದವರು ಕಾಗದದ ಮೇಲೆ ಕಾಣುವುದೇ ಇಲ್ಲ. ಬರಿಯ ಗುಪ್ತ ನಕಲಿನಲ್ಲಿ ಈ ಲಕೋಟೆ ಕಳೆದುಹೋಗುತ್ತದೆ. ಎಕ್ಸ್‌ಚೇಂಜಿನವರು ಮುಂದೆ ಇದನ್ನು ಅರಿತು ಪಡೆದವರೆಲ್ಲರ ಪಟ್ಟಿಯನ್ನು ಮೇಲೆ ಹೊದಿಸಿ ಮೂಲವನ್ನು ಒಳಗಿಡುವ ಕ್ರಮ ತಂದರು. ಸಣ್ಣ ಕಂಪನಿಗಳ ಒಂದು ಸಾಲಿನ ಭಂಡಾರದಲ್ಲಿ ಪತ್ರ ಯಾರಿಗೆಲ್ಲ ಮುಟ್ಟಿತು ಎಂಬ ಪ್ರಶ್ನೆಗೇ ಪೂರ್ತಿ ಉತ್ತರ ಸಿಗುವುದಿಲ್ಲ. ಕೋರ್ಟಿನಲ್ಲಿ ಮೊದಲು ಕೇಳುವುದು ಅದನ್ನೇ.

ಎಲ್ಲವನ್ನೂ ಇಡಿ ಎನ್ನುವವರು

ಮೊದಲ ಪಂಥ ಪುರಾವೆಯವರದು. ಇವರ ಬಲ ದೊಡ್ಡದು, ಏಕೆಂದರೆ ವ್ಯಾಪಾರವೇ ಇಮೇಲಿನಲ್ಲಿ ನಡೆಯುತ್ತದೆ. ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯುಮಿನಿಯಂ ನಡುವಿನ ಬಾಕ್ಸೈಟ್ ವ್ಯವಹಾರದಲ್ಲಿ ಸಹಿ ಮಾಡಿದ ಕರಾರುಪತ್ರವೇ ಇರಲಿಲ್ಲ. ಆದರೂ ಇಮೇಲ್‌ಗಳ ಕೊಡುಕೊಳೆಯಲ್ಲೇ ಕರಾರು ಏರ್ಪಟ್ಟಿದೆ ಎಂದು ಸುಪ್ರೀಂ ಕೋರ್ಟ್ 2010ರ ಜನವರಿಯಲ್ಲಿ ಹೇಳಿತು. ಹೀಗಿರುವಾಗ ಕೆಲಸ ಬಿಟ್ಟುಹೋದ ಸೇಲ್ಸ್ ಮ್ಯಾನೇಜರು ಲ್ಯಾಪ್‌ಟಾಪು ಒರೆಸಿಕೊಟ್ಟರೆ ಕಂಪನಿಯ ಕರಾರೇ ಹೋದಂತೆ. ಮೂರನೆಯ ಪ್ರತಿ ಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ ಎಂಬುದು ಇವರ ಮಾತು.

ಕಾನೂನೂ ಇವರ ಕಡೆ ಸಾಕಷ್ಟು ವಾಲುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 7ನೆಯ ಕಲಂ ಪ್ರಕಾರ, ಕಾಗದದಲ್ಲಿ ಇಡಬೇಕಾದ ದಾಖಲೆಯನ್ನು ವಿದ್ಯುನ್ಮಾನ ರೂಪದಲ್ಲಿಟ್ಟರೂ ನಡೆಯುತ್ತದೆ. ಆದರೆ ಮುಂದೆ ಬೇಕಾದಾಗ ತೆರೆಯಲು ಬರಬೇಕು, ಮೂಲ ರೂಪ ಕೆಡಬಾರದು, ಎಲ್ಲಿಂದ ಹೊರಟು ಎಲ್ಲಿಗೆ ಯಾವ ದಿನ ಯಾವ ಹೊತ್ತಿಗೆ ಸೇರಿತು ಎಂಬ ವಿವರ ಉಳಿದಿರಬೇಕು. ಆವಕ–ಜಾವಕದ ಕಲಂಗಳೇ ಮತ್ತೆ ಬಂದಂತಾಯಿತು. ಪ್ರಿಂಟ್ ತೆಗೆದು ಫೈಲಿಗೆ ಹಾಕುವುದು ಸಾಲದೇ ಎಂದು ಕೇಳುವವರಿಗೆ ಅಮೆರಿಕದ ಒಂದು ಹಳೆಯ ದಾವೆ ಉತ್ತರ ಕೊಡುತ್ತದೆ. ಇರಾನ್–ಕಾಂಟ್ರಾ ಹಗರಣದಲ್ಲಿ ಶ್ವೇತಭವನದ ಆಲಿವರ್ ನಾರ್ತ್ ಮತ್ತು ಪಾಯಿಂಡೆಕ್ಸ್‌ಟರ್ ಸಾವಿರಾರು ಮೇಲ್ ಅಳಿಸಿದರೂ ಬ್ಯಾಕಪ್ ಟೇಪಿನಲ್ಲಿ ಅವು ಉಳಿದು ಸಿಕ್ಕಿಬಿದ್ದರು. 1989ರ ಜನವರಿಯಲ್ಲಿ ರೇಗನ್ ಅಧಿಕಾರ ಬಿಡುವ ಹೊತ್ತಿಗೆ ಆ ಟೇಪುಗಳನ್ನೇ ಒರೆಸದಂತೆ ತಡೆ ಕೋರಿ ದಾವೆ ಬಿತ್ತು. ಯಾರಿಗೆ, ಯಾವಾಗ ಮುಟ್ಟಿತೆಂಬ ವಿವರ ಪ್ರಿಂಟಿನಲ್ಲಿ ಇರುವುದಿಲ್ಲ, ಆದ್ದರಿಂದ ಕಾಗದದ ಪ್ರತಿ ಮೂಲಕ್ಕೆ ಬದಲಿಯಲ್ಲ ಎಂದು 1993ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು.

ಇಟ್ಟ ಮೇಲೆ ಅದನ್ನು ಕೋರ್ಟಿಗೆ ಒಪ್ಪಿಸುವುದು ಇನ್ನೊಂದು ಕಥೆ. ವಿದ್ಯುನ್ಮಾನ ದಾಖಲೆಯ ಜೊತೆ ಆಗಿನ ಸಾಕ್ಷ್ಯ ಕಾಯ್ದೆಯ 65ಬಿ ಕಲಂ ಪ್ರಮಾಣಪತ್ರ ಬೇಕೇ ಬೇಕೆ ಎಂಬ ಬಗ್ಗೆ ಸುಪ್ರೀಂ ಕೋರ್ಟ್ 2005ರಲ್ಲಿ ಸಡಿಲಿಸಿತು, 2014ರ ಅನ್ವರ್ ಪ್ರಕರಣದಲ್ಲಿ ಬಿಗಿ ಮಾಡಿತು, 2018ರಲ್ಲಿ ಮತ್ತೆ ಸಡಿಲ. ಕೊನೆಗೆ ಇತ್ಯರ್ಥವಾದದ್ದು ಮಹಾರಾಷ್ಟ್ರದ್ದೇ ಒಂದು ಚುನಾವಣಾ ತಕರಾರಿನಲ್ಲಿ. ಜಾಲ್ನಾದ ಅರ್ಜುನ್ ಖೋತ್ಕರ್ ನಾಮಪತ್ರವನ್ನು ಮಧ್ಯಾಹ್ನ ಮೂರರೊಳಗೆ ಕೊಟ್ಟರೇ ಎಂಬುದಕ್ಕೆ ಚುನಾವಣಾಧಿಕಾರಿಯ ಕಚೇರಿಯ ವಿಡಿಯೋ ಸಾಕ್ಷಿಯಾಗಿತ್ತು. ಮೂಲ ಸಾಧನವನ್ನೇ ಹಾಜರುಪಡಿಸದಿದ್ದರೆ ಪ್ರಮಾಣಪತ್ರ ಕಡ್ಡಾಯ ಎಂದು 2020ರ ಜುಲೈ 14ರಂದು ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಮಾಣಪತ್ರದಲ್ಲಿ ದಾಖಲೆಯ ಹ್ಯಾಶ್ ಮೌಲ್ಯವನ್ನೂ ತಜ್ಞರ ಸಹಿಯನ್ನೂ ಕೇಳುತ್ತದೆ. ಹ್ಯಾಶ್ ಎಂದರೆ ಒಂದು ಅಕ್ಷರ ತಿದ್ದಿದರೂ ಬದಲಾಗುವ ಸಂಖ್ಯೆ. ಪತ್ರ ಬಂದ ಕ್ಷಣದಲ್ಲೇ ಹ್ಯಾಶ್ ತೆಗೆದಿಡುವ ಭಂಡಾರಕ್ಕೂ, ಅಡ್ಮಿನ್ ಯಾವಾಗ ಬೇಕಾದರೂ ಒಳಹೊಕ್ಕು ತಿದ್ದಬಹುದಾದ ಮೇಲ್‌ಬಾಕ್ಸಿಗೂ ಇರುವ ವ್ಯತ್ಯಾಸ ಇಲ್ಲಿ ಎದ್ದು ಕಾಣುತ್ತದೆ. ಎಲ್ಲವನ್ನೂ ಇಡಿ ಎನ್ನುವವರು ಇದನ್ನು ಹೇಳುವುದು ಕಡಿಮೆ.

ಕಾಲಕಾಲಕ್ಕೆ ನಾಶಮಾಡಿ ಎನ್ನುವವರು

ಎರಡನೆಯ ಪಂಥದವರು ರೆಕಾರ್ಡ್ ರೂಮಿನ ಹಳೆಯ ವಿವೇಕವನ್ನೇ ಹೊಸದಾಗಿ ಹೇಳುತ್ತಾರೆ. ಪ್ರತಿ ದಾಖಲೆಗೂ ಆಯುಸ್ಸು ಇದೆ: ಕಂಪನಿ ಕಾಯ್ದೆ 2013ರ ಪ್ರಕಾರ ಲೆಕ್ಕಪುಸ್ತಕಕ್ಕೆ ಎಂಟು ಹಣಕಾಸು ವರ್ಷ, ಜಿಎಸ್‌ಟಿ ಲೆಕ್ಕಕ್ಕೆ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು, ಕರಾರಿನ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. ಅಮೆರಿಕದ ಷೇರು ದಲ್ಲಾಳಿಗಳು ವ್ಯವಹಾರದ ಪತ್ರಗಳನ್ನು ಮೂರು ವರ್ಷ, ಅದರಲ್ಲಿ ಮೊದಲ ಎರಡು ವರ್ಷ ಕೈಗೆಟುಕುವಂತೆ ಇಡಬೇಕು. ಅವಧಿ ತೀರಿದ ಮೇಲೂ ಇಟ್ಟುಕೊಂಡರೆ ಅದು ಆಸ್ತಿಯಲ್ಲ, ಹೊರೆ. ಕದಿಯುವವರಿಗೆ ಒಂದೇ ಕಡೆ ಎಲ್ಲ ಸಿಗುತ್ತದೆ. 2014ರಲ್ಲಿ ಸೋನಿ ಪಿಕ್ಚರ್ಸ್‌ನ ಮೇಲ್‌ಗಳು ಹೊರಬಿದ್ದಾಗ ಕಂಪನಿಯನ್ನು ನಾಚಿಸಿದ್ದರಲ್ಲಿ ಎಷ್ಟೋ ಪಾಲು ಅಧಿಕಾರಿಗಳ ಹರಟೆ.

ಈ ವಾದಕ್ಕಿರುವ ಕಳಂಕದ ಹೆಸರು ಆರ್ಥರ್ ಆಂಡರ್ಸನ್. ಅಮೆರಿಕದ ಇಂಧನ ಕಂಪನಿ ಎನ್ರಾನ್ ಕುಸಿಯುತ್ತಿದ್ದಾಗ ಆ ಲೆಕ್ಕಪರಿಶೋಧಕರು ‘ದಾಖಲೆ ನಾಶದ ನೀತಿ’ಯನ್ನು ನೆನಪಿಸಿಕೊಂಡು ರಾಶಿಗಟ್ಟಲೆ ಕಾಗದ ಹರಿದರು, ಮೇಲ್ ಅಳಿಸಿದರು. 2002ರಲ್ಲಿ ಅಪರಾಧಿ ಎಂದು ತೀರ್ಪಾಯಿತು. 2005ರಲ್ಲಿ ಮೇಲಿನ ಕೋರ್ಟು ಅದನ್ನು ರದ್ದುಪಡಿಸುವ ಹೊತ್ತಿಗೆ ಸಂಸ್ಥೆ ಉಳಿದಿರಲಿಲ್ಲ. ವೇಳಾಪಟ್ಟಿ ಮೊದಲೇ ಇದ್ದು ಅದರಂತೆ ನಡೆದರೆ ಅದು ಶಿಸ್ತು, ತಕರಾರು ಮೂಗಿನ ಹತ್ತಿರ ಬಂದಾಗ ಹುಟ್ಟಿಕೊಂಡರೆ ಅಪರಾಧ. ಜುಬುಲೇಕ್ ಎಂಬ ಉದ್ಯೋಗಿ ಯುಬಿಎಸ್ ಬ್ಯಾಂಕಿನ ಮೇಲೆ ಹೂಡಿದ ದಾವೆಯಲ್ಲಿ ನ್ಯೂಯಾರ್ಕಿನ ಕೋರ್ಟು, ದಾವೆ ಬರಲಿದೆ ಎಂದು ಅನ್ನಿಸಿದ ಕ್ಷಣದಿಂದ ನಾಶ ನಿಲ್ಲಿಸಬೇಕು ಎಂಬ ಕರ್ತವ್ಯವನ್ನು ಬಿಡಿಸಿ ಹೇಳಿತು. ನಮ್ಮ ಸಣ್ಣ ಕಾರ್ಖಾನೆಗಳಲ್ಲಿ ಇಂಥ ವೇಳಾಪಟ್ಟಿ ಕಾಗದದ ಮೇಲೂ ಇರುವುದು ಅಪರೂಪ. ಡಿಸ್ಕ್ ತುಂಬಿದ ದಿನ ಅಡ್ಮಿನ್ ಹಳೆಯ ವರ್ಷಗಳನ್ನು ಅಳಿಸುತ್ತಾನೆ. ನೀತಿ ಎಂದರೆ ಅಷ್ಟೇ.

ಯಾರು ತೆರೆದು ಓದುತ್ತಾರೆ?

ಮೂರನೆಯ ಪಂಥಕ್ಕೆ ಇಡುವ ಅವಧಿಗಿಂತ ಓದುವ ಕಣ್ಣಿನ ಚಿಂತೆ. ಆಫೀಸಿನ ಇಮೇಲಿನಲ್ಲಿ ಟೆಂಡರ್ ಒಂದೇ ಇರುವುದಿಲ್ಲ. ಕಳವಾದ ಶಿವಾಜಿ ಮಹಾರಾಜ್ ಆಸ್ಪತ್ರೆಯಲ್ಲಿ ತಾಯಿಯನ್ನು ಸೇರಿಸಿದ್ದೇನೆ, ರಜೆ ಬೇಕು ಎಂಬ ಪತ್ರವಿರುತ್ತದೆ. ಸಾಲದ ಕಂತು, ಮಗಳ ಮದುವೆಯ ಮಾತುಕತೆ, ಮೇಲಧಿಕಾರಿಯ ಕಿರುಕುಳದ ದೂರು ಇರುತ್ತದೆ. ಅವುಗಳೆಲ್ಲದರ ಗುಪ್ತ ನಕಲು ಒಂದೇ ಖಾತೆಗೆ ಬೀಳುತ್ತದೆ. ದೂರು ಯಾರ ಮೇಲಿದೆಯೋ ಅವರ ಕೈಯಲ್ಲೇ ಆ ಖಾತೆಯ ಪಾಸ್‌ವರ್ಡ್ ಇದ್ದರೆ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು. ಆದರೆ ಆ ಹಕ್ಕು ಮುಖ್ಯವಾಗಿ ಸರಕಾರದ ಎದುರಿನದು. ಖಾಸಗಿ ಕಂಪನಿಯ ಗೇಟಿನೊಳಗೆ ಅದು ಹೇಗೆ ನಡೆಯುತ್ತದೆ ಎಂಬುದಕ್ಕೆ ಕಾಯ್ದೆಯೇ ಬೇಕಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾದವು, ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಕಾಲಾವಕಾಶ ಸಿಕ್ಕಿತು. ಈ ಕಾಯ್ದೆ ಎರಡು ಕಡೆಗೆ ಎಳೆಯುತ್ತದೆ. ಉದ್ದೇಶ ತೀರಿದ ಮೇಲೆ ವೈಯಕ್ತಿಕ ದತ್ತಾಂಶವನ್ನು ಅಳಿಸಬೇಕು ಎನ್ನುತ್ತದೆ. ಉದ್ಯೋಗದ ಕಾರಣಕ್ಕಾಗಿ ಅಥವಾ ಕಂಪನಿಯನ್ನು ನಷ್ಟ, ಹೊಣೆಗಾರಿಕೆಯಿಂದ ಕಾಪಾಡಲಿಕ್ಕಾಗಿ ನೌಕರರ ಸಮ್ಮತಿ ಇಲ್ಲದೆಯೂ ಬಳಸಬಹುದು ಎಂದೂ ಹೇಳುತ್ತದೆ. ಎರಡನೆಯ ಬಾಗಿಲು ಎಷ್ಟು ಅಗಲ ತೆರೆದಿದೆ ಎಂದು ಎಚ್‌ಆರ್‌ನವರು ಒಂದು ಬಗೆ ಅಳೆಯುತ್ತಾರೆ, ಯೂನಿಯನ್ನಿನವರು ಇನ್ನೊಂದು ಬಗೆ.

ಯುರೋಪಿನಲ್ಲಿ ಇದರ ಅಳತೆಗೋಲು ಬರ್ಬುಲೆಸ್ಕು ಪ್ರಕರಣ. ರೊಮೇನಿಯಾದ ಈ ಎಂಜಿನಿಯರು ಗ್ರಾಹಕರಿಗಾಗಿ ತೆರೆದ ಯಾಹೂ ಮೆಸೆಂಜರಿನಲ್ಲಿ ಸಹೋದರನ ಜೊತೆ, ಮದುವೆಯಾಗಬೇಕಿದ್ದ ಹುಡುಗಿಯ ಜೊತೆ ಹರಟಿದರೆಂದು 2007ರಲ್ಲಿ ಕೆಲಸ ಕಳೆದುಕೊಂಡರು. ಅವರ ಖಾಸಗಿ ಮಾತುಗಳನ್ನು ಕಂಪನಿ ಹಾಳೆಗಟ್ಟಲೆ ಪ್ರಿಂಟ್ ಹಾಕಿಸಿತ್ತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2016ರಲ್ಲಿ ಅವರ ವಿರುದ್ಧವೂ, 2017ರ ಸೆಪ್ಟೆಂಬರಿನಲ್ಲಿ ದೊಡ್ಡ ಪೀಠ ಅವರ ಪರವಾಗಿಯೂ ತೀರ್ಪು ಕೊಟ್ಟಿತು. ನಿಗಾ ಇಡಬಾರದೆಂದು ಪೀಠ ಹೇಳಲಿಲ್ಲ. ಮುಂಚೆ ತಿಳಿಸಿದಿರಾ, ಎಷ್ಟು ಆಳಕ್ಕೆ ಇಳಿದಿರಿ, ಅಷ್ಟು ಬೇಕಿತ್ತೆ, ಬೇರೆ ದಾರಿ ಇರಲಿಲ್ಲವೆ ಎಂದು ಕೇಳಬೇಕು ಎಂದಿತು. ನಮ್ಮ ದೇಶದಲ್ಲಿ ಕೆಲಸದ ಜಾಗದ ನಿಗಾಕ್ಕೇ ಮೀಸಲಾದ ಕಾಯ್ದೆ ಇಲ್ಲ. ನೇಮಕಾತಿ ಪತ್ರದ ಹಿಂಬದಿಯ ಸಣ್ಣ ಅಕ್ಷರದ ಒಂದು ಸಾಲಿನಲ್ಲಿ ಎಲ್ಲ ಒಪ್ಪಿಗೆಯೂ ಮುಗಿದುಹೋಗುತ್ತದೆ.

ಇದಕ್ಕೆ ಪೂರಾ ಎದುರು ದಿಕ್ಕಿನ ಸಮಸ್ಯೆಯೂ ಇದೆ. ಕಂಪನಿಯೊಂದರ ಮಹಿಳಾ ಸಿಬ್ಬಂದಿಯನ್ನು ಗುರಿ ಮಾಡಿದ ಅಶ್ಲೀಲ ಮೇಲ್‌ಗಳು ಗೂಢಲಿಪಿ ಬಳಸುವ ಪ್ರೋಟಾನ್ ಮೇಲ್ ಸೇವೆಯಿಂದ ಬಂದವು ಎಂಬ ದೂರಿನಲ್ಲಿ ಕರ್ನಾಟಕ ಹೈಕೋರ್ಟು 2025ರ ಏಪ್ರಿಲ್‌ನಲ್ಲಿ ಆ ಸೇವೆಯನ್ನೇ ತಡೆಯಲು ಕ್ರಮ ಕೈಗೊಳ್ಳುವಂತೆ ಕೇಂದ್ರಕ್ಕೆ ಆದೇಶಿಸಿತು. ಹೊರಗಿನ ಯಾರೂ ತೆರೆದು ಓದಲಾಗದ ಇಮೇಲು ಒಬ್ಬರಿಗೆ ರಕ್ಷೆ, ಇನ್ನೊಬ್ಬರಿಗೆ ಗಂಡಾಂತರ.

ಇತಿಹಾಸದವರ ಆಸೆ

ನಾಲ್ಕನೆಯವರು ಮೆಲುದನಿಯವರು. ಇವತ್ತು ನಿಷ್ಪ್ರಯೋಜಕ ಅನ್ನಿಸುವ ಪತ್ರ ಐವತ್ತು ವರ್ಷದ ನಂತರ ಏನಾಗುತ್ತದೋ ಯಾರಿಗೆ ಗೊತ್ತು ಎಂಬುದು ಇವರ ಪ್ರಶ್ನೆ. ಪುಣೆಯ ಪೇಶ್ವೆ ದಫ್ತರದ ರುಮಾಲುಗಳಲ್ಲಿ (ಬಟ್ಟೆಯ ಕಟ್ಟುಗಳಲ್ಲಿ) ಇರುವ ಖರ್ಚುವೆಚ್ಚದ ಚೀಟಿಗಳೇ ಇಂದು ಇತಿಹಾಸ; ಶೃಂಗೇರಿ ಮಠದ ಕಡತಗಳದೂ ಅದೇ ಕಥೆ. ಎನ್ರಾನಿನ ಸುಮಾರು 150 ಸಿಬ್ಬಂದಿಯ ಐದು ಲಕ್ಷದಷ್ಟು ಮೇಲ್‌ಗಳನ್ನು ತನಿಖಾ ಸಂಸ್ಥೆಯೊಂದು 2003ರಲ್ಲಿ ಬಹಿರಂಗಕ್ಕಿಟ್ಟಿತು. ಕಸದ ಮೇಲ್ ಗುರುತಿಸುವ ತಂತ್ರಾಂಶಗಳಿಂದ ಹಿಡಿದು ಭಾಷಾ ಸಂಶೋಧನೆಯವರೆಗೆ ಅದು ಎಷ್ಟೋ ಕೆಲಸಕ್ಕೆ ಬಂದಿದೆ. ಹಗರಣಕ್ಕೆ ಸಂಬಂಧವೇ ಇಲ್ಲದ ಗುಮಾಸ್ತೆಯರ ಮನೆಮಾತು ಕೂಡ ಅದರ ಜೊತೆಗೇ ಬೀದಿಗೆ ಬಂತು. ಅಮೆರಿಕದ ರಾಷ್ಟ್ರೀಯ ದಾಖಲಾಗಾರ 2013ರಲ್ಲಿ ಒಂದು ಮಧ್ಯದ ದಾರಿ ಹಿಡಿಯಿತು. ಪತ್ರವನ್ನು ನೋಡಿ ವಿಂಗಡಿಸುವುದು ಬೇಡ, ಹುದ್ದೆಯನ್ನು ನೋಡಿ: ಮೇಲಿನ ಅಧಿಕಾರಿಗಳದು ಶಾಶ್ವತ, ಉಳಿದವರದು ಕೆಲವು ವರ್ಷ. ಕೆಲಸ ಸುಲಭವಾಯಿತು, ಆದರೆ ಕೆಳಗಿನವರ ಬದುಕು ಇತಿಹಾಸದಿಂದ ಹೊರಗೆ ಬಿತ್ತು.

ನಮ್ಮಲ್ಲಿ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಕಂಪ್ಯೂಟರಿನಲ್ಲಿ ಹುಟ್ಟಿದ್ದನ್ನೂ ದಾಖಲೆ ಎಂದೇ ಎಣಿಸುತ್ತದೆ, ಕ್ರಮ ತಪ್ಪಿ ನಾಶಮಾಡಿದರೆ ಐದು ವರ್ಷದವರೆಗೆ ಸಜೆ ಇದೆ. ಮಹಾರಾಷ್ಟ್ರಕ್ಕೆ 2005ರ ತನ್ನದೇ ಕಾಯ್ದೆ ಇದೆ. ಇವು ಮುಟ್ಟದ ಒಂದು ಲೋಕವೇ ಉಳಿದಿದೆ, ಅದು ನಮ್ಮ ಸಂಘಸಂಸ್ಥೆಗಳದು. ಮಾಟುಂಗದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘದಿಂದ ಹಿಡಿದು ಡೊಂಬಿವಲಿ, ಕಲ್ಯಾಣ, ನವಿ ಮುಂಬೈಯ ಸಂಘಗಳವರೆಗೆ ಹಳೆಯ ಕಾಲದ್ದು ಮಿನಿಟ್ಸ್ ಪುಸ್ತಕಗಳಲ್ಲಿ, ಪತ್ರಗಳ ಕಟ್ಟಿನಲ್ಲಿ ಸಿಗಬಹುದು. ಕಳೆದ ಎರಡು ದಶಕದ್ದು? ಇಂಥ ಸಂಘಗಳಲ್ಲಿ ಎಷ್ಟೋ ಸಲ ಪತ್ರವ್ಯವಹಾರ ನಡೆಯುವುದು ಆಗಿನ ಗೌರವ ಕಾರ್ಯದರ್ಶಿಗಳ ಸ್ವಂತ ಜಿಮೇಲಿನಿಂದ. ಸಮಿತಿ ಬದಲಾದಾಗ ಹಾರ ಹಾಕಿ ಫೈಲು ಒಪ್ಪಿಸುತ್ತಾರೆ, ಖಾತೆ ಒಪ್ಪಿಸುವುದಿಲ್ಲ. ನಮ್ಮ ಹೋಟೆಲಿನವರದೂ ಬೇರೆಯಲ್ಲ. ಲೈಸೆನ್ಸು, ಜಿಎಸ್‌ಟಿ, ಪಾಲಿಕೆಯ ನೋಟಿಸುಗಳೆಲ್ಲ ಬರುವ ಮೇಲ್ ಖಾತೆಯನ್ನು ತೆರೆದದ್ದು ಸಿಎ ಆಫೀಸಿನ ಹುಡುಗ, ಪಾಸ್‌ವರ್ಡ್ ಅವನ ಬಳಿ, ಓಟಿಪಿ ಹೋಗುವುದು ಅವನ ಹಳೆಯ ನಂಬರಿಗೆ. ನೋಟಿಸು ಬಂದದ್ದು ಗಲ್ಲಾದಲ್ಲಿ ಕೂತ ಅಣ್ಣನಿಗೆ ಗೊತ್ತಾಗುವುದು ಗಡುವು ದಾಟಿದ ಮೇಲೆ. ಅತಿ ಸಂಗ್ರಹದ ಭಯ ಇವರಿಗೆ ತಾಗುವುದಿಲ್ಲ. ಇವರ ಬಳಿ ಮೂರನೆಯ ಪ್ರತಿ ಹೋಗಲಿ, ಮೊದಲನೆಯದೂ ಇಲ್ಲ.

ಮೇಲ್ ಸರ್ವರನ್ನು ಬಳಸದೆ ಹೋಗುವ ಮಾತು

ಈ ನಾಲ್ಕೂ ಪಂಥಗಳು ಒಂದು ವಿಷಯ ಒಪ್ಪಿಕೊಂಡೇ ವಾದಿಸುತ್ತವೆ: ವ್ಯವಹಾರ ಇಮೇಲಿನಲ್ಲಿದೆ ಎಂದು. ಅದು ಈಗ ಅರ್ಧ ನಿಜ. ಡ್ರಾಯಿಂಗಿನ ತಿದ್ದುಪಡಿ, ದರದ ಚೌಕಾಸಿ, ‘ನಾಳೆ ಟೆಂಪೋ ಕಳಿಸಿ’ ಎಲ್ಲ ವಾಟ್ಸಾಪಿನಲ್ಲಿ. ಇಮೇಲಿಗೆ ಬರುವುದು ಕೊನೆಯ ಪರ್ಚೇಸ್ ಆರ್ಡರ್ ಒಂದೇ. ನ್ಯೂಯಾರ್ಕಿನ ಬ್ಯಾಂಕುಗಳಲ್ಲೂ ಹೀಗೇ ಆಗಿ, 2021ರ ಡಿಸೆಂಬರಿನಲ್ಲಿ ಜೆ.ಪಿ. ಮಾರ್ಗನ್‌ನ ದಲ್ಲಾಳಿ ಸಂಸ್ಥೆ ಖಾಸಗಿ ಫೋನಿನ ಸಂದೇಶಗಳನ್ನು ದಾಖಲಿಸದ ತಪ್ಪಿಗೆ ಷೇರು ನಿಯಂತ್ರಕರಿಗೆ 12.5 ಕೋಟಿ ಡಾಲರ್ ದಂಡ ಕಟ್ಟಿತು. ಮೇಲ್ ಸರ್ವರಿನಲ್ಲಿ ಒಂದು ಸಾಲು ಬರೆದು ನಿಶ್ಚಿಂತರಾದವರ ಭಂಡಾರದಲ್ಲಿ ವ್ಯವಹಾರದ ಫಲಿತಾಂಶ ಇರುತ್ತದೆ, ಮಾತುಕತೆ ಇರುವುದಿಲ್ಲ. ತಕರಾರು ಬರುವುದು ಮಾತುಕತೆಯ ಬಗ್ಗೆ.

ಇತ್ಯರ್ಥವಾಗದೆ ಉಳಿದದ್ದು

ಬೀಗದ ಕೈಯ ಪ್ರಶ್ನೆ ಮೊದಲನೆಯದು. ಭಂಡಾರ ತೆರೆಯಲು ಇಬ್ಬರ ಒಪ್ಪಿಗೆ ಬೇಕು, ತೆರೆದದ್ದು ತಾನಾಗಿ ದಾಖಲಾಗಬೇಕು ಎಂಬ ವ್ಯವಸ್ಥೆ ತಾಂತ್ರಿಕವಾಗಿ ಕಷ್ಟವಲ್ಲ. ಆದರೆ ಮಾಲೀಕರೇ ಮ್ಯಾನೇಜರೂ ಆಗಿ, ಸಿಸ್ಟಮ್ ಅಡ್ಮಿನ್ ತಿಂಗಳಿಗೆರಡು ಸಲ ಬಂದುಹೋಗುವ ಹೊರಗಿನವನಾಗಿರುವ ಕಂಪನಿಯಲ್ಲಿ ಆ ಎರಡನೆಯ ವ್ಯಕ್ತಿ ಯಾರು? ಕಾಯ್ದೆ ಬರೆದವರ ಕಣ್ಣಮುಂದೆ ಇದ್ದದ್ದು ದೊಡ್ಡ ಸಂಸ್ಥೆ.

ಅಳಿಸುವ ಹಕ್ಕು ಮತ್ತು ಉಳಿಸುವ ಕರ್ತವ್ಯ ಒಂದೇ ಪತ್ರದಲ್ಲಿ ಎದುರಾದರೆ ಏನು ಮಾಡಬೇಕೆಂಬುದೂ ಹಾಗೇ ಇದೆ. ಇನ್‌ವಾಯ್ಸ್ ಲಗತ್ತಿಸಿದ ಇಮೇಲಿನ ಕೊನೆಯಲ್ಲಿ ನೌಕರಳು ತನ್ನ ಚಿಕಿತ್ಸೆಯ ಮಾತನ್ನೂ ಬರೆದಿದ್ದರೆ, ಇನ್‌ವಾಯ್ಸಿಗೆ 72 ತಿಂಗಳು, ಚಿಕಿತ್ಸೆಯ ಮಾತಿಗೆ ಎಷ್ಟು? ಒಂದು ಸಾಲನ್ನು ಅಳಿಸಿದರೆ ಹ್ಯಾಶ್ ಕೆಡುತ್ತದೆ, ಪುರಾವೆಯಾಗಿ ಪತ್ರ ಸತ್ತಂತೆ. ಅಳಿಸದಿದ್ದರೆ ದತ್ತಾಂಶ ಕಾಯ್ದೆಯ ಕಡೆಯಿಂದ ತೊಂದರೆ. 18 ತಿಂಗಳ ಕಾಲಾವಕಾಶ ಮುಗಿದು ತಕರಾರುಗಳು ದತ್ತಾಂಶ ಸಂರಕ್ಷಣಾ ಮಂಡಳಿಯ ಮುಂದೆ ಹೋಗಿ ತೀರ್ಪುಗಳು ಬರುವವರೆಗೆ ವಕೀಲರ ಸಲಹೆ ವಕೀಲರಿಗೆ ತಕ್ಕಂತೆ ಇರುತ್ತದೆ.

ಇನ್ನೊಂದು ಪ್ರಶ್ನೆ ಟಿಟಿಸಿಯಂಥ ಕಡೆ ಬೇರೆಡೆಗಿಂತ ಹೆಚ್ಚು ಕಾಡುತ್ತದೆ. ಕಾರ್ಖಾನೆ ಮುಚ್ಚಿದರೆ ಅದರ ಮೇಲ್ ಭಂಡಾರ ಯಾರದು? ದೊಡ್ಡ ಕಂಪನಿಯಾದರೆ 2016ರ ದಿವಾಳಿ ಸಂಹಿತೆಯಡಿ ನೇಮಕವಾದ ವೃತ್ತಿಪರರು ದಾಖಲೆಗಳನ್ನೂ ವಶಕ್ಕೆ ತೆಗೆದುಕೊಳ್ಳುತ್ತಾರೆ. ಪಾಲುದಾರಿಕೆಯ ಸಣ್ಣ ಘಟಕ ಸದ್ದಿಲ್ಲದೆ ಮುಚ್ಚಿದಾಗ ಲೇತ್ ಯಂತ್ರ ಹರಾಜಾಗುತ್ತದೆ, ಸರ್ವರು ಗುಜರಿ ಕೊಳ್ಳುವ ಭಂಗಾರಿನವನ ಟೆಂಪೋ ಹತ್ತುತ್ತದೆ, ಡಿಸ್ಕ್ ಒಳಗೇ ಇರುತ್ತದೆ. ಡೊಮೇನ್ ಹೆಸರನ್ನು ವರ್ಷಕ್ಕೊಮ್ಮೆ ನವೀಕರಿಸುವವರು ಇರುವುದಿಲ್ಲ. ಅವಧಿ ಮುಗಿದು ಬಿಟ್ಟುಹೋದ ಹೆಸರನ್ನು ಯಾರು ಬೇಕಾದರೂ ಕೊಂಡುಕೊಳ್ಳಬಹುದು. ಕೊಂಡ ದಿನದಿಂದ ಆ ಹಳೆಯ ವಿಳಾಸಗಳಿಗೆ ಬರುವ ಪತ್ರ, ಪಿಂಚಣಿಗೆ ದಾಖಲೆ ಕೇಳುವ ನಿವೃತ್ತ ಕಾರ್ಮಿಕರದೂ ಸೇರಿ, ಹೊಸ ಮಾಲೀಕರ ಸರ್ವರಿಗೆ ಬೀಳುತ್ತದೆ. ಅಲ್ಲಿ ಅದರ ನಕಲು ಇಡುತ್ತಾರೋ, ಓದುತ್ತಾರೋ, ಅಳಿಸುತ್ತಾರೋ ಎಂದು ಕೇಳುವ ಅಧಿಕಾರ ಯಾರಿಗಿದೆ ಎಂಬುದು ಮೇಲೆ ಹೆಸರಿಸಿದ ಯಾವ ಕಾಯ್ದೆಯಲ್ಲೂ ನೇರವಾಗಿ ಬರೆದಿಲ್ಲ.